ಪಾವಗಡಕ್ಕೆ ಹೋಗುವ ದಾರಿ

ಕರ್ನಾಟಕದ ನಕ್ಷೆಯಲ್ಲಿ ಪಾವಗಡವನ್ನು ತೋರಿಸಿ ಎಂದರೆ ತುಮಕೂರು ಜಿಲ್ಲೆಯವರೇ ಒಂದಿಷ್ಟು ತಡಕಾಡುತ್ತಾರೆ. ಜಿಲ್ಲೆಯ ಉಳಿದ ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಪಾವಗಡ ಮಾತ್ರ ಕಳಚಿಕೊಂಡು ಈಶಾನ್ಯಕ್ಕೆ ಹೋಗಿ ಆಂಧ್ರದ ಒಳಗೆ ಕೂತಿದೆ. ಮೂರು ಕಡೆ ಆಂಧ್ರ, ಪಶ್ಚಿಮಕ್ಕೆ ಮಾತ್ರ ಚಿತ್ರದುರ್ಗ ಜಿಲ್ಲೆ. ನಮ್ಮ ಜಿಲ್ಲಾಧಿಕಾರಿ ಇರುವುದು ತುಮಕೂರಿನಲ್ಲಿ, ಉಪವಿಭಾಗಾಧಿಕಾರಿ ಮಧುಗಿರಿಯಲ್ಲಿ, ಲೋಕಸಭೆಗೆ ನಾವು ಮತ ಹಾಕುವುದು ಚಿತ್ರದುರ್ಗ ಕ್ಷೇತ್ರದಲ್ಲಿ. ಪಕ್ಕದ ಮಡಕಶಿರಾದ್ದು ಇದೇ ಕಥೆ, ತಿರುವುಮುರುವಾಗಿ. ಅದು ಆಂಧ್ರದ ನೆಲ, ಆದರೆ ಶಿರಾ, ಮಧುಗಿರಿ, ಗೌರಿಬಿದನೂರುಗಳ ನಡುವೆ ಕರ್ನಾಟಕದ ಹೊಟ್ಟೆಗೆ ಚಾಚಿಕೊಂಡಿದೆ. ತುಮಕೂರಿನಿಂದ ಮಧುಗಿರಿ, ಮಿಡಿಗೇಶಿ ದಾಟಿ ಪಾವಗಡಕ್ಕೆ ಹೊರಟ ಬಸ್ಸು ನಡುವೆ ಈ ಮಡಕಶಿರಾದ ನೆಲವನ್ನು ತುಳಿದುಕೊಂಡೇ ಹೋಗಬೇಕು. ಅಂದರೆ ಒಂದೇ ಜಿಲ್ಲೆಯ ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಹೋಗಲು ಪರರಾಜ್ಯವನ್ನು ಹಾಯಬೇಕು.

ಹಾಯುತ್ತೇವೆ. ಯಾರಿಗೂ ಗೊತ್ತಾಗುವುದಿಲ್ಲ. ಕಂಡಕ್ಟರ್ ಚಿಲ್ಲರೆಗಾಗಿ ಜಗಳವಾಡುತ್ತಿರುತ್ತಾನೆ, ಹಿಂದಿನ ಸೀಟಿನಲ್ಲಿ ಕೋಳಿ ಕೂಗುತ್ತಿರುತ್ತದೆ, ಕಿಟಕಿಯಾಚೆಗಿನ ಅಂಗಡಿ ಬೋರ್ಡು ತೆಲುಗಿಗೆ ತಿರುಗಿ ಮತ್ತೆ ಕನ್ನಡಕ್ಕೆ ಬರುತ್ತದೆ. ಮೊಬೈಲ್ ಕಂಪನಿಗಳು ರೋಮಿಂಗ್ ಎಂದು ದುಡ್ಡು ಕತ್ತರಿಸುತ್ತಿದ್ದ ಕಾಲದಲ್ಲಿ ಗಡಿ ಎಲ್ಲಿದೆ ಎಂಬುದು ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು. ಆಂಧ್ರದ ಟವರು ಹಿಡಿಯುತ್ತಿದ್ದಂತೆ ಜನ ಫೋನು ಆರಿಸಿಡುತ್ತಿದ್ದರು, ವ್ಯಾಪಾರಸ್ಥರ ಜೇಬಿನಲ್ಲಿ ಎರಡು ಸಿಮ್ ಇರುತ್ತಿತ್ತು. ಆ ಗಡಿಯೂ ಈಗ ಅಳಿಸಿಹೋಗಿದೆ. ಉಳಿದಿರುವುದು ದರದ ಗಡಿ. ಕರ್ನಾಟಕದಲ್ಲಿ ಪೆಟ್ರೋಲು ಲೀಟರಿಗೆ ಕೆಲವು ರೂಪಾಯಿ ಅಗ್ಗ. ಹಾಗಾಗಿ ನಮ್ಮ ಕಡೆಯ ಬಂಕಿನವರು ಆಂಧ್ರದ ಗಾಡಿಗಳಿಗೆ ಕಾಣಲೆಂದು ತೆಲುಗಿನಲ್ಲಿ ದೊಡ್ಡ ಬೋರ್ಡು ಬರೆಸುತ್ತಾರೆ. ಭಾಷಾಭಿಮಾನದ ವಿಚಾರದಲ್ಲಿ ಗಡಿಯ ಬಂಕಿನ ಮಾಲೀಕನಷ್ಟು ಉದಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಂಧ್ರದಲ್ಲಿ ಮದ್ಯದ ಬೆಲೆ ಏರಿಸಿದ ವರ್ಷಗಳಲ್ಲಿ ನಮ್ಮ ಕಡೆಯ ಟೆಟ್ರಾ ಪ್ಯಾಕೆಟ್ಟುಗಳು ಚೀಲಗಟ್ಟಲೆ ಅತ್ತ ಹೋದವು. ಹುಣಸೆಹಣ್ಣಿಗೆ ಒಳ್ಳೆಯ ರೇಟು ಬೇಕೆಂದರೆ ನಮ್ಮವರು ಹಿಂದೂಪುರದ ಮಂಡಿಗೆ ಹೋಗುತ್ತಾರೆ. ಶನಿಮಹಾತ್ಮನ ದರ್ಶನಕ್ಕೆ ಅವರು ಪಾವಗಡಕ್ಕೆ ಬರುತ್ತಾರೆ.

ನಮ್ಮ ಮನೆಮಾತು ತೆಲುಗು. ಓದಿದ್ದು, ಬರೆಯುವುದು, ಸಿಟ್ಟು ಬಂದಾಗ ಅರ್ಜಿ ಗೀಚುವುದು ಕನ್ನಡದಲ್ಲಿ. ಅಗಳಿಗೆ ಕೊಟ್ಟಿರುವ ನಮ್ಮ ಅತ್ತೆಯ ಮನೆ ಆಂಧ್ರದಲ್ಲಿದೆ, ಅಲ್ಲಿ ಮನೆಮಾತು ಕನ್ನಡ. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ, ಆ ಕಡೆಯೆಲ್ಲ ಹೀಗೆಯೇ. ಆಂಧ್ರ ಸರ್ಕಾರದ ಕನ್ನಡ ಶಾಲೆಗಳೂ ಅಲ್ಲಿವೆ. ಅಮರಾಪುರದ ಹತ್ತಿರದ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿನ ಕಲ್ಲುಗಳ ಮೇಲೆ ಇರುವುದು ಹಳಗನ್ನಡ, ಅದನ್ನು ಕಾಯುತ್ತಿರುವವರು ತೆಲುಗು ಮಾತಾಡುವ ಕಾವಲುಗಾರರು. ಹಬ್ಬಕ್ಕೆ ಎರಡೂ ಮನೆಯವರು ಸೇರಿದಾಗ ತೆಲುಗಿನ ಕರ್ನಾಟಕದವರೂ ಕನ್ನಡದ ಆಂಧ್ರದವರೂ ಒಂದೇ ಪಂಕ್ತಿಯಲ್ಲಿ ಕೂರುತ್ತೇವೆ. ಹೊರಗಿನವರಿಗೆ ಇದನ್ನು ವಿವರಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಗಡಿ ನಿಜವಾಗಿ ಕಚ್ಚುವುದು ಕಾಗದದಲ್ಲಿ. ಒಂದೇ ಬೆಡಗಿನ, ಒಂದೇ ಕುಲದೇವರ ಇಬ್ಬರು ದಾಯಾದಿಗಳಿದ್ದಾರೆ ಎನ್ನಿ. ಕರ್ನಾಟಕದಲ್ಲಿರುವವನು ನಾಯಕ, 1991ರಿಂದ ಪರಿಶಿಷ್ಟ ಪಂಗಡ. ಐದಾರು ಮೈಲಿ ಆಚೆ ಆಂಧ್ರದ ಬಯಲಿನಲ್ಲಿರುವವನು ಬೋಯ, ಅವನು ಹಿಂದುಳಿದ ವರ್ಗ. ಅಲ್ಲಿನ ವಿಧಾನಸಭೆ ಅವರನ್ನು ಪಂಗಡಕ್ಕೆ ಸೇರಿಸಿ ಎಂದು ನಿರ್ಣಯ ಮಾಡಿ ದೆಹಲಿಗೆ ಕಳಿಸಿ ಕಾಯುತ್ತಿದೆ. ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಒಬ್ಬನಿಗೆ ಪಂಗಡದ ಮೀಸಲು ಸೀಟು, ಇನ್ನೊಬ್ಬನಿಗೆ ಅದು ಇಲ್ಲ. ಜನಾಂಗ ಎನ್ನುವುದು ರಕ್ತದಲ್ಲಿದೆ ಎಂದು ಭಾಷಣ ಬಿಗಿಯುವವರು ಒಮ್ಮೆ ನಮ್ಮ ಕಡೆಯ ತಹಶೀಲ್ದಾರ್ ಕಚೇರಿಯ ಸಾಲಿನಲ್ಲಿ ನಿಂತು ನೋಡಬೇಕು. ಅದು ಇರುವುದು ಪಟ್ಟಿಯಲ್ಲಿ. ಪಟ್ಟಿ ಬರೆಯುವುದು ದೆಹಲಿ, ರಾಜ್ಯಕ್ಕೊಂದರಂತೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಕೆಲವು ವರ್ಷಗಳಿಂದ ನಾನು ಬಿಡದೆ ಓದುತ್ತಿರುವ ಒಂದು ದೂರದ ಗಡಿಯ ಕಥೆಯನ್ನು ಹೇಳಬೇಕಿದೆ. ಕಾಕಸಸ್ ಬೆಟ್ಟಸೀಮೆಯ ಎರಡು ಪುಟ್ಟ ದೇಶಗಳು, ಆರ್ಮೇನಿಯಾ ಮತ್ತು ಅಜರ್‌ಬೈಜಾನ್. ನಮ್ಮ ಊರಿನಲ್ಲಿ ಈ ಹೆಸರುಗಳನ್ನು ಹೇಳಿದರೆ ಔಷಧಿಯ ಹೆಸರೇನೋ ಎಂದುಕೊಳ್ಳುತ್ತಾರೆ. ನಾನು ಮೊದಲ ಸಲ ಆ ನಕ್ಷೆಯನ್ನು ಕಂಡಾಗ ಮಾತ್ರ ಬೆಚ್ಚಿಬಿದ್ದೆ. ಅಜರ್‌ಬೈಜಾನಿನ ಒಳಗೆ, ಆರ್ಮೇನಿಯನ್ನರೇ ತುಂಬಿದ್ದ ನಗೋರ್ನೊ ಕರಾಬಾಖ್. ಆರ್ಮೇನಿಯಾದ ಆಚೆ ಬದಿಯಲ್ಲಿ, ತನ್ನ ದೇಶದಿಂದ ಕತ್ತರಿಸಿಹೋದ ಅಜರ್‌ಬೈಜಾನಿನ ತುಂಡು ನಖಿಚೆವಾನ್. ಒಬ್ಬರ ಹೊಟ್ಟೆಯಲ್ಲಿ ಇನ್ನೊಬ್ಬರು. ಪಾವಗಡ, ಮಡಕಶಿರಾ!

ಗೆರೆ ಹುಟ್ಟಿದ ಬಗೆಯಲ್ಲೂ ಹೋಲಿಕೆ ಇದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರನ್ನು ಹಂಚಿಕೊಂಡವರು ಕಾಗದದ ಮೇಲೆ ಊರುಗಳನ್ನು ಅತ್ತಿತ್ತ ಸರಿಸಿದರು. ನಿಜಾಮನಿಗೆ ಹೋದ ಪಾಲು ಮರುವರ್ಷವೇ ಇಂಗ್ಲಿಷರ ಕೈಗೆ ಬಂದು ದತ್ತ ಮಂಡಲವಾಯಿತು, ಥಾಮಸ್ ಮನ್ರೋ ಅದಕ್ಕೆ ಕಲೆಕ್ಟರ್ ಆದ. ಒಡೆಯರಿಗೆ ಉಳಿದದ್ದು ಮೈಸೂರು. ಈಗಿನ ಅನಂತಪುರದ ಕಡೆಗೂ ನಮಗೂ ನಡುವಿನ ಗೆರೆಯ ಬೇರು ಅಲ್ಲಿದೆ. ಯಾರ ಮನೆಮಾತು ಯಾವುದೆಂದು ಕೇಳುವ ವ್ಯವಧಾನ ಅಂದು ಯಾರಿಗಿತ್ತು? ಕರಾಬಾಖಿನ ಗೆರೆ ಎಳೆದವರು ಬೋಲ್ಶೆವಿಕರು, ಅಂದರೆ ರಷ್ಯಾದ ಕಮ್ಯುನಿಸ್ಟರು. 1921ರ ಜುಲೈ 4ರಂದು ಅವರ ಕಾಕಸಸ್ ಬ್ಯೂರೊ ಸಭೆ ಸೇರಿ ಕರಾಬಾಖನ್ನು ಆರ್ಮೇನಿಯಾಕ್ಕೆ ಕೊಡಬೇಕೆಂದು ತೀರ್ಮಾನಿಸಿತು. ಬೆಳಗಾಗುವುದರೊಳಗೆ ಮನಸ್ಸು ಬದಲಾಯಿತು. ಜುಲೈ 5ರಂದು ಅದೇ ಬ್ಯೂರೊ ಅದನ್ನು ಅಜರ್‌ಬೈಜಾನಿನಲ್ಲೇ ಉಳಿಸಿತು, ಸ್ವಾಯತ್ತತೆ ಕೊಡುತ್ತೇವೆಂಬ ಮಾತಿನೊಂದಿಗೆ. ಸ್ಟಾಲಿನ್ ಆ ಸಭೆಯಲ್ಲಿದ್ದ. ಆ ರಾತ್ರಿ ಏನು ನಡೆಯಿತೆಂದು ಇತಿಹಾಸಕಾರರು ಇಂದಿಗೂ ಕಿತ್ತಾಡುತ್ತಾರೆ.

ಆಮೇಲಿನ ಅರವತ್ತು ವರ್ಷ ಅಲ್ಲಿ ನಡೆದದ್ದು ಬಹುಮಟ್ಟಿಗೆ ನಮ್ಮಲ್ಲಿ ನಡೆಯುತ್ತಿರುವಂಥದ್ದೇ. ಎರಡೂ ಸೋವಿಯತ್ ಒಕ್ಕೂಟದ ಗಣರಾಜ್ಯಗಳು. ಒಂದೇ ರೂಬಲ್, ಒಂದೇ ಸೈನ್ಯ. ಕರಾಬಾಖಿನಿಂದ ಲಾಚಿನ್ ಕಣಿವೆ ದಾಟಿ ಆರ್ಮೇನಿಯಾಕ್ಕೆ ಬಸ್ಸು ಹೋಗುತ್ತಿತ್ತು. ನಖಿಚೆವಾನಿನಿಂದ ಅಜರ್‌ಬೈಜಾನಿನ ರಾಜಧಾನಿ ಬಾಕುವಿಗೆ ಹೊರಟ ರೈಲು ಆರ್ಮೇನಿಯಾದ ಮೇಘ್ರಿಯನ್ನು ಹಾಯ್ದು ಹೋಗುತ್ತಿತ್ತು. ಬಾಕುವಿನಲ್ಲಿ ಆರ್ಮೇನಿಯನ್ನರ ಬೀದಿಗಳಿದ್ದವು, ಆರ್ಮೇನಿಯಾದಲ್ಲಿ ಅಜರ್‌ಬೈಜಾನಿಗಳ ಹಳ್ಳಿಗಳಿದ್ದವು. ಹೆಣ್ಣು ಕೊಟ್ಟು ತರುವುದೂ ಇತ್ತು. ಗೊಣಗಾಟ ಇರಲಿಲ್ಲ ಎಂದಲ್ಲ. ನಮ್ಮ ಶಾಲೆಗೆ ಪುಸ್ತಕ ಬರುವುದಿಲ್ಲ, ನಮ್ಮ ಭಾಷೆಯ ಟಿವಿ ಹಿಡಿಯುವುದಿಲ್ಲ, ರಸ್ತೆ ಸರಿಯಿಲ್ಲ ಎಂದು ಕರಾಬಾಖಿನವರು ಮಾಸ್ಕೋಗೆ ಅರ್ಜಿ ಹಾಕುತ್ತಲೇ ಇದ್ದರು. ಗಡಿನಾಡಿನವರ ಅರ್ಜಿಗಳು ಜಗತ್ತಿನಲ್ಲೆಲ್ಲ ಒಂದೇ ಬಗೆಯವು.

1988ರ ಫೆಬ್ರವರಿ 20ರಂದು ಕರಾಬಾಖಿನ ಪ್ರಾದೇಶಿಕ ಸೋವಿಯತ್, ಅಂದರೆ ಅಲ್ಲಿನ ಆಡಳಿತ ಸಭೆ, ನಮ್ಮನ್ನು ಆರ್ಮೇನಿಯಾಕ್ಕೆ ಸೇರಿಸಿ ಎಂದು ನಿರ್ಣಯ ಮಾಡಿತು. ವಾರ ಕಳೆಯುತ್ತಿದ್ದಂತೆ ಬಾಕುವಿನ ಪಕ್ಕದ ಸುಮ್‌ಗಯಿತ್ ಎಂಬ ಕಾರ್ಖಾನೆ ಊರಿನಲ್ಲಿ ಆರ್ಮೇನಿಯನ್ನರನ್ನು ಮನೆಯಿಂದೆಳೆದು ಕೊಂದರು. ಅಲ್ಲಿಂದ ಎರಡೂ ಕಡೆ ಗಂಟುಮೂಟೆ ಕಟ್ಟುವುದು ಶುರುವಾಯಿತು. ಮರುವರ್ಷ ಅಜರ್‌ಬೈಜಾನ್ ಆರ್ಮೇನಿಯಾಕ್ಕೆ ಹೋಗುವ ರೈಲು ತಡೆಯಿತು. ಆರ್ಮೇನಿಯಾ ನಖಿಚೆವಾನಿನ ದಾರಿ ಮುಚ್ಚಿತು. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದಾಗ ಜಿಲ್ಲೆ, ರಾಜ್ಯದ ಗೆರೆಯಂತಿದ್ದದ್ದು ದಿನ ಬೆಳಗಾಗುವುದರಲ್ಲಿ ಅಂತರರಾಷ್ಟ್ರೀಯ ಗಡಿಯಾಯಿತು. 1994ರ ಕದನವಿರಾಮದ ಹೊತ್ತಿಗೆ ಸುಮಾರು 30,000 ಜನ ಸತ್ತಿದ್ದರು.

ಆ ಸುತ್ತಿನಲ್ಲಿ ಗೆದ್ದವರು ಆರ್ಮೇನಿಯನ್ನರು. ಕರಾಬಾಖ್ ಮಾತ್ರವಲ್ಲ, ಸುತ್ತಲಿನ ಏಳು ಜಿಲ್ಲೆಗಳಲ್ಲಿ ನೆಲ ಹಿಡಿದು ಕೂತರು. ಅಲ್ಲಿದ್ದ ಲಕ್ಷಾಂತರ ಅಜರ್‌ಬೈಜಾನಿಗಳು ಮನೆ ಬಿಟ್ಟು ಓಡಿದರು. ಅಗ್ದಾಮ್ ಎಂಬ ಪಟ್ಟಣದ ಮನೆಗಳ ಬಾಗಿಲು, ಕಿಟಕಿ, ಹೆಂಚು, ಕಲ್ಲುಗಳನ್ನೆಲ್ಲ ಕಿತ್ತು ಸಾಗಿಸಿದರು; ಮಸೀದಿ ಒಂದು ನಿಂತಿತ್ತು. 1992ರ ಫೆಬ್ರವರಿಯಲ್ಲಿ ಖೋಜಾಲಿಯಿಂದ ಓಡುತ್ತಿದ್ದ ಜನರನ್ನು ಕೊಂದದ್ದನ್ನು ಅಜರ್‌ಬೈಜಾನಿಗಳು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಇದನ್ನು ಹೇಳಲೇಬೇಕು. ಏಕೆಂದರೆ 2023ರ ಚಿತ್ರಗಳನ್ನಷ್ಟೇ ನೋಡಿದವರು ಆರ್ಮೇನಿಯನ್ನರು ಬರೀ ಪೆಟ್ಟು ತಿಂದವರು ಎಂದುಕೊಳ್ಳುತ್ತಾರೆ, 1993ರ ಚಿತ್ರ ನೋಡಿದವರಿಗೆ ಉಲ್ಟಾ ಕಾಣುತ್ತದೆ.

2020ರಲ್ಲಿ ಲೆಕ್ಕ ತಿರುಗಿತು. ಎಣ್ಣೆ ದುಡ್ಡಿನಿಂದ ಕೊಬ್ಬಿದ, ಟರ್ಕಿಯ ಡ್ರೋನುಗಳನ್ನಿಟ್ಟುಕೊಂಡ ಅಜರ್‌ಬೈಜಾನ್ 44 ದಿನಗಳ ಯುದ್ಧದಲ್ಲಿ ಕಳೆದುಕೊಂಡದ್ದರಲ್ಲಿ ಬಹುಪಾಲನ್ನು ಕಸಿದುಕೊಂಡಿತು. ಕರಾಬಾಖಿನ ಉಳಿದ ತುಂಡಿಗೂ ಆರ್ಮೇನಿಯಾಕ್ಕೂ ನಡುವೆ ಬಾಕಿ ಉಳಿದದ್ದು ಒಂದೇ ರಸ್ತೆ, ಲಾಚಿನ್. ಐದು ಕಿಲೋಮೀಟರ್ ಅಗಲದ ಪಟ್ಟಿ ಎಂದು ಒಪ್ಪಂದದಲ್ಲಿ ಬರೆದು ರಷ್ಯಾದ ಶಾಂತಿಪಾಲಕರನ್ನು ಕಾವಲಿಗಿಟ್ಟರು.

ಈ ರಸ್ತೆಯನ್ನು ಮುಚ್ಚಿದ ಬಗೆಯನ್ನು ನಿಧಾನವಾಗಿ ನೋಡಬೇಕು. 2022ರ ಡಿಸೆಂಬರ್ 12ರಂದು ಅಲ್ಲಿಗೆ ಸೈನಿಕರು ಬರಲಿಲ್ಲ. ಪರಿಸರ ಹೋರಾಟಗಾರರೆಂದು ಹೇಳಿಕೊಂಡ ಒಂದಿಷ್ಟು ಅಜರ್‌ಬೈಜಾನಿಗಳು ಬಂದು, ಗಣಿಗಾರಿಕೆ ನಿಲ್ಲಿಸಿ ಎಂದು ಟೆಂಟು ಹಾಕಿ ಕುಳಿತರು. ಪ್ರತಿಭಟನೆಗೆ ಅಷ್ಟೇನೂ ಜಾಗ ಕೊಡದ ಸರ್ಕಾರ ಈ ಪ್ರತಿಭಟನೆಯನ್ನು ತಿಂಗಳುಗಟ್ಟಲೆ ಕಾಪಾಡಿತು. ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ದಾರಿ ಬಿಡಿ ಎಂದು ಅಜರ್‌ಬೈಜಾನಿಗೆ ಆದೇಶಿಸಿತು, ಬಿಡಲಿಲ್ಲ. ಏಪ್ರಿಲ್ 23ರಂದು ಹಕಾರಿ ನದಿಯ ಸೇತುವೆಯ ಬಳಿ ಚೆಕ್‌ಪೋಸ್ಟ್ ಎದ್ದಿತು. ಜೂನ್ ಮಧ್ಯದ ಹೊತ್ತಿಗೆ ನೆರವಿನ ಲಾರಿಗಳೂ ನಿಂತವು. ಬ್ರೆಡ್ಡಿಗೆ ಸಾಲು, ಪೆಟ್ರೋಲ್ ಇಲ್ಲ, ಔಷಧಿ ಇಲ್ಲ. ಒಂಬತ್ತು ತಿಂಗಳು ಹೀಗೆ ಹಸಿಯಿಸಿ, ಸೆಪ್ಟೆಂಬರ್ 19ರಂದು ದಾಳಿ ಮಾಡಿದಾಗ ಒಂದೇ ದಿನದಲ್ಲಿ ಎಲ್ಲ ಮುಗಿಯಿತು. ಆಮೇಲೆ ಅದೇ ರಸ್ತೆಯನ್ನು ಹೊರಕ್ಕೆ ಮಾತ್ರ ತೆರೆದರು. ವಾರದೊಳಗೆ ಒಂದು ಲಕ್ಷಕ್ಕೂ ಹೆಚ್ಚು ಜನ, ಅಂದರೆ ಹೆಚ್ಚುಕಡಿಮೆ ಇಡೀ ಕರಾಬಾಖ್, ಅದರ ಮೇಲೆ ಖಾಲಿಯಾಯಿತು. ಬೆಟ್ಟದ ತಿರುವುಗಳಲ್ಲಿ ಕಾರು, ಟ್ರ್ಯಾಕ್ಟರ್, ಲಾರಿಗಳ ಸಾಲು. ಕೆಲವು ಗಂಟೆಗಳ ದಾರಿಗೆ ಒಂದು ದಿನಕ್ಕೂ ಮಿಕ್ಕಿ ಹಿಡಿಯಿತು.

ಇದನ್ನು ಓದಿದವರಲ್ಲಿ ಕೆಲವರು ನನಗೆ ಹೇಳುವ ಮಾತು ಒಂದಿದೆ: ನಾವು ಹಾಗಲ್ಲ, ನಮ್ಮ ಜನ ಒಳ್ಳೆಯವರು, ದಕ್ಷಿಣದವರು ಸಹಬಾಳ್ವೆಗೆ ಹೆಸರಾದವರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಸುಮ್‌ಗಯಿತ್ ನಡೆಯುವ ಹಿಂದಿನ ವಾರ ಕೇಳಿದ್ದರೆ ಅಲ್ಲಿನವರೂ ಇದನ್ನೇ ಹೇಳುತ್ತಿದ್ದರು.

ನಮ್ಮದೇ ಗಡಿಯಲ್ಲಿ ರಕ್ತ ಬಿದ್ದಿಲ್ಲವೇ? ಪ್ರತ್ಯೇಕ ಆಂಧ್ರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು ಉಪವಾಸ ಮಾಡಿ 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟ ಮೇಲೆ ಆಂಧ್ರದಲ್ಲಿ ಗಲಭೆ ಎದ್ದದ್ದು ಎಲ್ಲರಿಗೂ ಗೊತ್ತು. ಬಳ್ಳಾರಿಯನ್ನು ಯಾರಿಗೆ ಕೊಡಬೇಕೆಂಬ ಜಗಳ ಎಷ್ಟು ಬಿಸಿಯಿತ್ತೆಂದರೆ ಹೈದರಾಬಾದಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರಿಗೆ ವಿಚಾರಣೆ ಒಪ್ಪಿಸಬೇಕಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಆ ವಿಜಯೋತ್ಸವದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಅವರನ್ನು ಆಸಿಡ್ ಎಸೆದು ಕೊಂದರು. ಎರಡು ವರ್ಷದ ಬಳಿಕ, ರಾಜ್ಯಗಳ ಪುನರ್ವಿಂಗಡಣೆಗೆಂದು ನೇಮಿಸಿದ ಫಜಲ್ ಅಲಿ ಆಯೋಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಮರಳಿ ಆಂಧ್ರಕ್ಕೆ ಕೊಡಿ ಎಂದು ಬರೆಯಿತು. ತೆಲುಗು ಮನೆಮಾತಿನವರು ತುಂಬಿರುವ ಕೋಲಾರವನ್ನು ಮೈಸೂರಿನಲ್ಲೇ ಬಿಟ್ಟಿತು. ಸರ್ಕಾರ ಬಳ್ಳಾರಿಯ ಶಿಫಾರಸನ್ನು ಪಕ್ಕಕ್ಕಿಟ್ಟಿತು. ಅದನ್ನು ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ನೀರಿನ ಜಗಳವಂತೂ ಇದಕ್ಕಿಂತ ಹಳೆಯದು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಆಂಧ್ರಕ್ಕೆ ಹೋಗಿ, ನಾಗಲಮಡಿಕೆಯಲ್ಲಿ ಮತ್ತೆ ನಮ್ಮ ತಾಲ್ಲೂಕಿಗೆ ಇಣುಕಿ, ಪುನಃ ಆಂಧ್ರಕ್ಕೆ ಇಳಿಯುತ್ತದೆ. ಮದರಾಸಿನವರನ್ನು ಕೇಳದೆ ಮೈಸೂರಿನವರು ಹೊಸ ಕಟ್ಟೆ ಕಟ್ಟಬಾರದೆಂದು 1892ರಲ್ಲಿ ಆದ ಕರಾರಿನ ಪಟ್ಟಿಯಲ್ಲಿ ಕಾವೇರಿಯ ಜೊತೆ ಇದರ ಹೆಸರೂ ಇದೆ. ವರ್ಷದಲ್ಲಿ ಬಹುಕಾಲ ಮರಳೇ ಕಾಣುವ ನದಿಗೆ!

ಹಾಗಾದರೆ ನಮ್ಮ ಬಸ್ಸನ್ನು ಯಾರೂ ತಡೆಯದಿರುವುದು ಏಕೆ? ಎರಡೂ ರಾಜ್ಯಗಳ ಮೇಲೆ ಒಂದು ದೇಶ, ಒಂದು ಸಂವಿಧಾನ ಇರುವುದರಿಂದ ಎಂಬುದು ಮೊದಲು ಹೊಳೆಯುವ ಉತ್ತರ. ಭಾರತದಲ್ಲೆಲ್ಲ ಓಡಾಡುವ ಹಕ್ಕು ಹತ್ತೊಂಬತ್ತನೆಯ ವಿಧಿಯಲ್ಲಿದೆ. ಈ ಉತ್ತರವನ್ನು ನಾನೂ ಬಹಳ ಕಾಲ ನೆಚ್ಚಿಕೊಂಡಿದ್ದೆ. ಆದರೆ 2021ರ ಜುಲೈ 26ರಂದು ಅಸ್ಸಾಂ ಮತ್ತು ಮಿಜೋರಾಂ ಗಡಿಯ ಲೈಲಾಪುರದಲ್ಲಿ ಎರಡು ರಾಜ್ಯಗಳ ಪೊಲೀಸರು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿ ಅಸ್ಸಾಮಿನ ಆರು ಪೊಲೀಸರು ಸತ್ತರು. ಒಂದೇ ದೇಶ, ಒಂದೇ ಸಂವಿಧಾನ, ಎರಡೂ ಕಡೆ ಖಾಕಿ. ಒಬ್ಬರು 1875ರ ಅಧಿಸೂಚನೆಯ ಗೆರೆಯೇ ಗಡಿ ಎನ್ನುತ್ತಾರೆ, ಇನ್ನೊಬ್ಬರು 1933ರದ್ದು ಎನ್ನುತ್ತಾರೆ. ಗುಂಡಿನ ಸದ್ದು ನಿಂತ ಮೇಲೆ ಏನಾಯಿತೆಂಬುದು ಇನ್ನೂ ಮುಖ್ಯ. ಮಿಜೋರಾಂಗೆ ಅಕ್ಕಿ, ಔಷಧಿ, ಪೆಟ್ರೋಲು ಹೋಗುವ 306ನೇ ಹೆದ್ದಾರಿಯಲ್ಲಿ ಲಾರಿಗಳು ದಿನಗಟ್ಟಲೆ ನಿಂತವು. ಎರಡು ವರ್ಷದ ನಂತರ ಮಣಿಪುರದಲ್ಲೂ ಅದೇ ಆಯಿತು. ಕಣಿವೆಯ ಮೈತೇಯಿಗಳು ಬೆಟ್ಟದ ದಾರಿಯಲ್ಲಿ ಹೋಗುವಂತಿಲ್ಲ, ಬೆಟ್ಟದ ಕುಕಿಗಳು ಇಂಫಾಲದ ವಿಮಾನ ನಿಲ್ದಾಣಕ್ಕೆ ಬರುವಂತಿಲ್ಲ.

ಅಷ್ಟು ದೂರ ಹೋಗುವುದೇಕೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಕೇರಳದ ಗಡಿಯ ರಸ್ತೆಗಳ ಮೇಲೆ ಲಾರಿಗಟ್ಟಲೆ ಮಣ್ಣು ಸುರಿದವರು ನಾವೇ, ಕರ್ನಾಟಕದವರು. ಕಾಸರಗೋಡಿನ ಜನಕ್ಕೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಆಂಬುಲೆನ್ಸುಗಳನ್ನು ತಲಪಾಡಿಯಲ್ಲಿ ವಾಪಸು ಕಳಿಸಿದರು, ರೋಗಿಗಳು ಸತ್ತರು. ದಾರಿ ಬಿಡಿಸಲು ಕೇರಳ ಹೈಕೋರ್ಟ್ ಆದೇಶ ಮಾಡಬೇಕಾಯಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಯಾರೂ ಕೇರಳದವರನ್ನು ದ್ವೇಷಿಸಿ ಮಣ್ಣು ಸುರಿಯಲಿಲ್ಲ. ಹೆದರಿದರು, ಅಷ್ಟೇ. ನಮ್ಮ ಜನರನ್ನು ಕಾಪಾಡಿಕೊಳ್ಳಬೇಕು ಎಂದರು. ಲಾಚಿನ್ ಮುಚ್ಚಿದವರೂ ಹೀಗೆಯೇ ಒಂದು ಒಳ್ಳೆಯ ಕಾರಣ ಹೇಳಿದ್ದರು. ಅದೇ ದಿನಗಳಲ್ಲಿ ನಮ್ಮ ಪಾವಗಡದ ದಾರಿಯಲ್ಲೂ ಬ್ಯಾರಿಕೇಡುಗಳು ಬಂದವು, ತುಮಕೂರಿನಿಂದ ತನ್ನೂರಿಗೆ ಹೊರಟವನು ಅಂತರರಾಜ್ಯ ಪ್ರಯಾಣಿಕನಾಗಿಬಿಟ್ಟ. ನಡುವೆ ಆಂಧ್ರ ಇದೆ ಎಂಬುದು ಅನೇಕ ಹುಡುಗರಿಗೆ ಗೊತ್ತಾದದ್ದೇ ಆಗ.

ಹೀಗಾಗಿ ನಾನು ಈಗ ಭಾಷೆ, ಜನಾಂಗ, ಪುರಾತನ ದ್ವೇಷ ಎಂಬ ವಿವರಣೆಗಳನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಯಾವುದೇ ಗಡಿ ಜಗಳದ ಸುದ್ದಿ ಓದಿದರೂ ಒಂದನ್ನೇ ಹುಡುಕುತ್ತೇನೆ: ಇವರ ನೆಲದ ಮೇಲೆ ಅವರು ನಡೆದು ಹೋಗಬಹುದೇ? ಬಾಣಂತಿಯನ್ನು ಕರೆದುಕೊಂಡು ಹೋಗಬಹುದೇ? ನಡೆದು ಹೋಗಬಹುದಾದರೆ ಬಾವುಟಗಳು ಎಷ್ಟು ಬೇಕಾದರೂ ಹಾರಾಡಲಿ, ರಾಜ್ಯೋತ್ಸವದ ಭಾಷಣದಲ್ಲಿ ಯಾರು ಯಾರನ್ನಾದರೂ ಬೈಯಲಿ, ಅಂಥ ಅಪಾಯವಿಲ್ಲ. ದಾರಿ ಮುಚ್ಚಿದ ಮೇಲೆ, ಮೇಜಿನ ಸುತ್ತ ಕೂತವರು ಎಷ್ಟೇ ನಗುತ್ತಾ ಫೋಟೊ ತೆಗೆಸಿಕೊಂಡರೂ ನಂಬಿಕೆ ಬರುವುದಿಲ್ಲ.

ದಾರಿ ಕೊಡುವುದು ಸುಲಭದ ಕೆಲಸವಲ್ಲ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಸಾಕ್ಷಿ ಇದೆ. ಕೂಚ್ ಬಿಹಾರದ ಗಡಿಯಲ್ಲಿ ಭಾರತದ ತುಂಡುಗಳು ಬಾಂಗ್ಲಾದೊಳಗೆ, ಬಾಂಗ್ಲಾದ ತುಂಡುಗಳು ಭಾರತದೊಳಗೆ ಚೆಲ್ಲಾಪಿಲ್ಲಿಯಾಗಿದ್ದವು. ಛಿಟ್‌ಮಹಲ್ ಎನ್ನುತ್ತಿದ್ದರು. ಒಂದು ಕಡೆಯಂತೂ ಬಾಂಗ್ಲಾದೊಳಗೆ ಭಾರತ, ಅದರೊಳಗೆ ಬಾಂಗ್ಲಾ, ಅದರೊಳಗೆ ಪುನಃ ಭಾರತದ ಒಂದು ಹೊಲ. ಅಲ್ಲ, ಆ ಹೊಲಕ್ಕೆ ಗೊಬ್ಬರ ಹಾಕಲು ಯಾವ ದೇಶದ ಪರವಾನಗಿ ಕೇಳಬೇಕಿತ್ತು? ಅಲ್ಲಿದ್ದವರಿಗೆ ಕರೆಂಟಿಲ್ಲ, ರೇಷನ್ ಕಾರ್ಡಿಲ್ಲ. ಮಕ್ಕಳನ್ನು ಶಾಲೆಗೆ ಸೇರಿಸಲು ಸುತ್ತಲಿನ ದೇಶದ ಯಾರದೋ ಹೆಸರನ್ನು ತಂದೆ ಎಂದು ಬರೆಸಬೇಕಿತ್ತು. ಈ ಪೈಕಿ ದಹಗ್ರಾಮ್ ಮತ್ತು ಅಂಗರ್‌ಪೋತಾ ಎಂಬ ಬಾಂಗ್ಲಾದ ತುಂಡನ್ನು ಅದರ ದೇಶಕ್ಕೆ ಜೋಡಿಸಲು ಬೇಕಾಗಿದ್ದದ್ದು ತೀನ್ ಬಿಘಾ ಎಂಬ ಪಟ್ಟಿ. ಉದ್ದ 178 ಮೀಟರ್, ಅಗಲ 85 ಮೀಟರ್. 1974ರಲ್ಲಿ ಇಂದಿರಾ ಗಾಂಧಿ ಮತ್ತು ಮುಜೀಬುರ್ ರೆಹಮಾನ್ ಇದಕ್ಕೆ ಒಪ್ಪಿ ಸಹಿ ಹಾಕಿದರು. ಗೇಟು ತೆರೆದದ್ದು 1992ರ ಜೂನ್ 26ರಂದು, ಅದೂ ಹಗಲಿನಲ್ಲಿ, ಒಂದು ಗಂಟೆ ಬಿಟ್ಟು ಒಂದು ಗಂಟೆ. ಇಪ್ಪತ್ತನಾಲ್ಕು ಗಂಟೆಯೂ ತೆರೆದದ್ದು 2011ರಲ್ಲಿ. ನಮ್ಮ ಕಡೆ ಕಣದಿಂದ ಹೊಲಕ್ಕೆ ಹೋಗುವಷ್ಟು ದೂರಕ್ಕೆ ಮೂವತ್ತೇಳು ವರ್ಷ! ಉಳಿದ ತುಂಡುಗಳ ವಿನಿಮಯ 2015ರ ಜುಲೈ 31ರ ಮಧ್ಯರಾತ್ರಿ ನಡೆಯಿತು, ಒಟ್ಟು 162. ಒಂದು ಗುಂಡು ಹಾರಲಿಲ್ಲ. ನೂರನೆಯ ಸಂವಿಧಾನ ತಿದ್ದುಪಡಿ ಇದೇ. ಇಷ್ಟು ದೊಡ್ಡ ಕೆಲಸ ಮಾಡಿದ ದೇಶದಲ್ಲಿ ಅದನ್ನು ನೆನೆಸಿಕೊಳ್ಳುವವರು ಹುಡುಕಿದರೂ ಸಿಗುವುದಿಲ್ಲ.

ಇನ್ನು ಈ ದೂರದ ಜಗಳ ತುಮಕೂರಿಗೂ ಬಂದ ಬಗೆಯನ್ನು ಹೇಳುತ್ತೇನೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆಯಿತು. ಭಾರತ ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟು ಅಟಾರಿಯ ಗೇಟು ಮುಚ್ಚಿತು. ಮೇ ತಿಂಗಳ ಸಂಘರ್ಷದಲ್ಲಿ ಟರ್ಕಿ ಮತ್ತು ಅಜರ್‌ಬೈಜಾನ್ ಪಾಕಿಸ್ತಾನದ ಪರ ನಿಂತವು. ಮೊಬೈಲುಗಳಲ್ಲೆಲ್ಲ ಬಾಕು ಪ್ರವಾಸ ಬಹಿಷ್ಕರಿಸಿ ಎಂಬ ಸಂದೇಶಗಳು ಹರಿದಾಡಿದವು. ಅದುವರೆಗೆ ಔಷಧಿಯ ಹೆಸರಾಗಿದ್ದ ಅಜರ್‌ಬೈಜಾನ್ ರಾತ್ರೋರಾತ್ರಿ ನಮ್ಮ ಬೀದಿಯ ಶತ್ರುವಾಯಿತು, ಆರ್ಮೇನಿಯಾ ಆಪ್ತಮಿತ್ರನಾಯಿತು. ಕರಾಬಾಖಿನ ಒಂದು ಲಕ್ಷ ಜನ ಊರು ಬಿಟ್ಟಾಗ ಒಂದು ಮಾತೂ ಆಡದಿದ್ದವರು ಈಗ ಅವರಿಗಾಗಿ ಮರುಗಿದರು. ಸರ್ಕಾರದ ಮಟ್ಟದಲ್ಲಿ ಈ ಗೆಳೆತನ ಹಳೆಯದೇ. ಬೆಂಗಳೂರಿನ ಬಿಇಎಲ್ ಸಂಸ್ಥೆಯ ಸ್ವಾತಿ ರಾಡಾರ್‌ಗಳನ್ನು ಆರ್ಮೇನಿಯಾ 2020ರಲ್ಲೇ ಕೊಂಡಿತು, ಆಮೇಲೆ ಪಿನಾಕ ರಾಕೆಟ್, ಆಕಾಶ್ ಕ್ಷಿಪಣಿಗಳು. ಪಾಕಿಸ್ತಾನ ಆ ಕಡೆ ಇದ್ದುದರಿಂದ ನಾವು ಈ ಕಡೆ. ರಾಜ್ಯ ರಾಜ್ಯಗಳ ಸಂಬಂಧ ಹೀಗೆಯೇ ಇರುವುದು. ಅದರಲ್ಲಿ ನೈತಿಕತೆಯನ್ನು ಹುಡುಕಲು ಹೋಗಿ ನಿರಾಶರಾಗುವುದಕ್ಕಿಂತ, ಮಾರಾಟ ಎಂದು ಒಪ್ಪಿಕೊಳ್ಳುವುದು ವಾಸಿ. ನನಗೆ ಕಿರಿಕಿರಿಯಾದದ್ದು, ಕೊಳ್ಳುಕೊಡುಗೆಯ ಲೆಕ್ಕವನ್ನು ನಮ್ಮವರು ಜನಾಂಗದ ಒಳ್ಳೆಯತನ, ಕೆಟ್ಟತನ ಎಂದು ಮಾತಾಡಿದ್ದು.

ವಿಚಿತ್ರವೆಂದರೆ, ನಾವು ಇಲ್ಲಿ ಪಕ್ಷ ಹಿಡಿದು ಬೈದಾಡುತ್ತಿರುವಾಗಲೇ ಅವರಿಬ್ಬರೂ ಮಾತಿಗೆ ಕೂತಿದ್ದರು. ಅದೇ ಆಗಸ್ಟ್ 8ರಂದು ವಾಷಿಂಗ್ಟನ್ನಿನಲ್ಲಿ ಎರಡೂ ದೇಶಗಳ ನಾಯಕರ ಸಮ್ಮುಖದಲ್ಲಿ ಶಾಂತಿ ಒಪ್ಪಂದದ ಕರಡಿಗೆ ವಿದೇಶಾಂಗ ಸಚಿವರು ಕಿರುಸಹಿ ಹಾಕಿದರು. ಆ ದಿನದ ಮಾತುಕತೆಯ ತಿರುಳು ಒಂದು ದಾರಿಯೇ. ಅಜರ್‌ಬೈಜಾನಿನಿಂದ ಆರ್ಮೇನಿಯಾದ ದಕ್ಷಿಣದ ತುದಿಯನ್ನು ಹಾಯ್ದು ನಖಿಚೆವಾನಿಗೆ, ಮೇಘ್ರಿಯ ಹಳೆಯ ರೈಲು ಹೋಗುತ್ತಿದ್ದ ಕಡೆ, ನಲವತ್ತು ಕಿಲೋಮೀಟರ್ ಆಸುಪಾಸಿನ ಪಟ್ಟಿ. ಅಮೆರಿಕದ ಅಧ್ಯಕ್ಷರು ಅದಕ್ಕೆ ತಮ್ಮ ಹೆಸರನ್ನೇ ಇಡಿಸಿಕೊಂಡಿದ್ದಾರೆ, ಇರಲಿ. ವರ್ಷಗಟ್ಟಲೆ ಎಳೆದಾಡಿದ ವಾದವೂ ಸಣ್ಣದೇ: ಆ ದಾರಿಯಲ್ಲಿ ಹೋಗುವ ಅಜರ್‌ಬೈಜಾನಿಯ ಚೀಲವನ್ನು ಆರ್ಮೇನಿಯಾದ ಅಧಿಕಾರಿ ತೆರೆದು ನೋಡಬಹುದೇ, ಬೇಡವೇ? ನೋಡಬಾರದು ಎಂದು ಇವರು, ನಮ್ಮ ನೆಲ, ನಮ್ಮ ಕಾನೂನು ಎಂದು ಅವರು. ಕರಾಬಾಖಿನಿಂದ ಹೊರಟವರು ವಾಪಸು ಹೋಗುವ ದಾರಿಯ ಬಗ್ಗೆ ಮಾತ್ರ ಅಲ್ಲಿ ಯಾರೂ ವಾದಿಸಲಿಲ್ಲ.

ನಮ್ಮಲ್ಲೂ ಒಂದು ರೈಲು ಬರಬೇಕಾಗಿದೆ. ತುಮಕೂರಿನಿಂದ ಮಧುಗಿರಿ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗದ ಮೂಲಕ ರಾಯದುರ್ಗಕ್ಕೆ, ಸುಮಾರು 207 ಕಿಲೋಮೀಟರ್. ಕರ್ನಾಟಕ, ಆಂಧ್ರ, ಮತ್ತೆ ಕರ್ನಾಟಕ, ಮತ್ತೆ ಆಂಧ್ರ. 2007ರ ಸುಮಾರಿಗೆ ಮಂಜೂರಾಯಿತು. ಆ ತುದಿಯಿಂದ ಕಲ್ಯಾಣದುರ್ಗ ದಾಟಿ ಹಳಿ ಬಂದಿದೆ, ಈ ತುದಿಯಲ್ಲಿ ಭೂಸ್ವಾಧೀನ, ಪರಿಹಾರ, ಸೇತುವೆ ಎಂದು ಎಳೆದಾಡುತ್ತಿದ್ದಾರೆ. ಜಗಳವೆಲ್ಲ ವೆಚ್ಚದ ಪಾಲು ಯಾರು ಎಷ್ಟು ಕೊಡಬೇಕೆಂಬುದರ ಮೇಲೆ. ಗಡಿ ದಾಟುವಾಗ ರೈಲನ್ನು ನಿಲ್ಲಿಸಿ ಯಾರು ತಪಾಸಣೆ ಮಾಡಬೇಕೆಂಬ ಪ್ರಶ್ನೆ ಇಷ್ಟು ವರ್ಷಗಳಲ್ಲಿ ಯಾವ ಕಡತದಲ್ಲೂ ಬಂದಿರಲಾರದು. ಮುಂದಿನ ಬಜೆಟ್ಟಿನಲ್ಲಿ ಇದಕ್ಕೆ ಎಷ್ಟು ಇಡುತ್ತಾರೋ ನೋಡಬೇಕು; ಕಡಿಮೆ ಇಟ್ಟರೆ ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಅರ್ಜಿ ಬರೆಯುವುದು ಇದ್ದೇ ಇದೆ.